ಪ್ರೊಸೆಸರ್ ಓವರ್‌ಕ್ಲಾಕಿಂಗ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರನ್ನು ಮೊದಲ ಬಾರಿಗೆ ಓವರ್‌ಕ್ಲಾಕ್ ಮಾಡಲು ಹೊರಟವರಿಗಾಗಿ ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಮುಖ್ಯವಾಗಿ ಇಂಟೆಲ್ ಕೋರ್ ಮತ್ತು ಎಎಂಡಿ ರೈಜನ್ ಸರಣಿಗಳನ್ನು ಗಮನದಲ್ಲಿ ಇಟ್ಟುಕೊಳ್ಳಲಾಗಿದೆ. ದಾಖಲೆ ಮುರಿಯುವ ಉಮೇದಿನವರಿಗೆ ಇಲ್ಲಿ ಹೆಚ್ಚೇನೂ ಸಿಗದು. ದಿನನಿತ್ಯ ಬಳಸುವ ಯಂತ್ರ ಕೆಡದಂತೆ, ಅದರಲ್ಲಿರುವ ಮಾಹಿತಿ ಹಾಳಾಗದಂತೆ ವೇಗವನ್ನು ತುಸು ಏರಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಓವರ್‌ಕ್ಲಾಕ್ ಮಾಡುವುದೆಂದರೆ ನಿಜವಾಗಿ ಏನು ಮಾಡುವುದು?

ಪ್ರೊಸೆಸರ್ ಒಂದು ಗಡಿಯಾರದ ಮಿಡಿತಕ್ಕೆ ಸರಿಯಾಗಿ ಕೆಲಸ ಮಾಡುತ್ತದೆ. ಬೇಸ್ ಕ್ಲಾಕ್ ಎಂಬ ಮೂಲ ಮಿಡಿತವನ್ನು, ಅದು ಸಾಮಾನ್ಯವಾಗಿ 100 ಮೆಗಾಹರ್ಟ್ಸ್ ಇರುತ್ತದೆ, ಮಲ್ಟಿಪ್ಲೈಯರ್ ಎಂಬ ಸಂಖ್ಯೆಯಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಸಿಗುತ್ತದೆ. ಮಲ್ಟಿಪ್ಲೈಯರ್ 50 ಇದ್ದರೆ 5 ಗಿಗಾಹರ್ಟ್ಸ್, 52 ಇದ್ದರೆ 5.2 ಗಿಗಾಹರ್ಟ್ಸ್. ಇಂದು ಓವರ್‌ಕ್ಲಾಕ್ ಎಂದರೆ ಬಹುಮಟ್ಟಿಗೆ ಈ ಮಲ್ಟಿಪ್ಲೈಯರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಮೇಲಕ್ಕೆ ಏರಿಸುವುದು.

ಸಂಖ್ಯೆ ಬದಲಿಸುವುದು ಸುಲಭ, ಅದು ನಿಲ್ಲುವಂತೆ ಮಾಡುವುದು ಕಷ್ಟ. 5 ಗಿಗಾಹರ್ಟ್ಸ್ ವೇಗದಲ್ಲಿ ಒಂದು ಮಿಡಿತಕ್ಕೆ ಸಿಗುವ ಅವಧಿ 200 ಪಿಕೊಸೆಕೆಂಡ್ ಮಾತ್ರ. ಅಷ್ಟರೊಳಗೆ ಟ್ರಾನ್ಸಿಸ್ಟರುಗಳ ಸಾಲು ಸಾಲೇ ತಮ್ಮ ಸ್ಥಿತಿ ಬದಲಿಸಿ, ಅವುಗಳ ಫಲಿತಾಂಶ ಮುಂದಿನ ಹಂತಕ್ಕೆ ತಲುಪಿ ನೆಲೆಗೊಳ್ಳಬೇಕು. 5.2 ಗಿಗಾಹರ್ಟ್ಸ್‌ಗೆ ಏರಿಸಿದಾಗ ಆ ಅವಧಿ ಸುಮಾರು 192 ಪಿಕೊಸೆಕೆಂಡಿಗೆ ಇಳಿಯುತ್ತದೆ. ಎಲ್ಲೋ ಒಂದು ಸಂಕೇತ ತಡವಾಗಿ ತಲುಪಿದರೂ ಲೆಕ್ಕ ತಪ್ಪುತ್ತದೆ. ವೋಲ್ಟೇಜ್ ಹೆಚ್ಚಿಸಿದರೆ ಟ್ರಾನ್ಸಿಸ್ಟರುಗಳು ಬೇಗ ಸ್ಥಿತಿ ಬದಲಿಸುತ್ತವೆ. ಆದ್ದರಿಂದಲೇ ವೇಗ ಏರಿಸುವವರು ಒಂದಲ್ಲ ಒಂದು ಹಂತದಲ್ಲಿ ವೋಲ್ಟೇಜಿನ ಬಳಿಗೆ ಬರುತ್ತಾರೆ, ಅಪಾಯ ಶುರುವಾಗುವುದೂ ಅಲ್ಲಿಂದಲೇ.

ಅಷ್ಟು ವೇಗದಲ್ಲಿ ಓಡಬಲ್ಲದ್ದಾದರೆ ತಯಾರಕರೇ ಅದನ್ನು ಏಕೆ ಕೊಡುವುದಿಲ್ಲ?

ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳು ಕೂಡ ಒಂದೇ ಗುಣದವಾಗಿರುವುದಿಲ್ಲ. ತಯಾರಕರು ಅವನ್ನು ಪರೀಕ್ಷಿಸಿ ದರ್ಜೆಗಳಾಗಿ ವಿಂಗಡಿಸುತ್ತಾರೆ. ಒಂದು ದರ್ಜೆಗೆ ಸೇರಿದ ಅತಿ ದುರ್ಬಲ ಚಿಪ್ ಕೂಡ ಬಿಸಿ ಕೋಣೆಯಲ್ಲಿ, ಸಾಧಾರಣ ಕೂಲರ್ ಅಡಿಯಲ್ಲಿ, ವರ್ಷಗಟ್ಟಲೆ ತಪ್ಪಿಲ್ಲದೆ ನಡೆಯಬೇಕಾದ್ದರಿಂದ ಘೋಷಿತ ವೇಗದ ಮೇಲೆ ಸ್ವಲ್ಪ ಅಂಚನ್ನು ಬಿಟ್ಟಿರುತ್ತಾರೆ. ನಿಮ್ಮ ಚಿಪ್ ಆ ದರ್ಜೆಯಲ್ಲಿ ಉತ್ತಮವಾದದ್ದಾಗಿದ್ದರೆ, ಕೂಲರ್ ಕೂಡ ಚೆನ್ನಾಗಿದ್ದರೆ, ಓವರ್‌ಕ್ಲಾಕ್ ಮಾಡುವವರು ಬಳಸಿಕೊಳ್ಳುವುದು ಈ ಅಂಚನ್ನೇ.

ಹಿಂದೆ ಈ ಅಂಚು ಬಹಳ ದೊಡ್ಡದಿತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಮಲ್ಟಿಪ್ಲೈಯರ್ 4.5ಕ್ಕೆ ಬೀಗ ಹಾಕಲ್ಪಟ್ಟಿದ್ದರೂ, 66 ಮೆಗಾಹರ್ಟ್ಸ್ ಇದ್ದ ಬಸ್ಸನ್ನು, ಅಂದರೆ ಆ ಕಾಲದ ಮೂಲ ಮಿಡಿತವನ್ನು, 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು, ಅಂದರೆ ಒಂದೂವರೆ ಪಟ್ಟು. ಅಂಥ ಕಾಲ ಮುಗಿದಿದೆ. ಈಗಿನ ಪ್ರೊಸೆಸರ್‌ಗಳು ತಮ್ಮ ತಾಪಮಾನ, ಕರೆಂಟ್ ಮತ್ತು ವಿದ್ಯುತ್ ಬಳಕೆಯನ್ನು ಕ್ಷಣಕ್ಷಣವೂ ಅಳೆದು, ಅಂಚಿನ ಹೆಚ್ಚಿನ ಪಾಲನ್ನು ಬೂಸ್ಟ್ ಎಂಬ ತಾತ್ಕಾಲಿಕ ವೇಗದ ರೂಪದಲ್ಲಿ ತಾವೇ ಬಳಸಿಕೊಳ್ಳುತ್ತವೆ.

ಹಾಗಾದರೆ ಇಂದು ಓವರ್‌ಕ್ಲಾಕ್ ಮಾಡಿ ಪ್ರಯೋಜನವಿದೆಯೇ?

ಇದೆ, ಆದರೆ ಪುಟ್ಟದು. ಎಲ್ಲ ಕೋರ್‌ಗಳೂ (ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕಗಳು) ದುಡಿಯುವ ವೀಡಿಯೊ ಎನ್‌ಕೋಡಿಂಗ್, ರೆಂಡರಿಂಗ್, ದೊಡ್ಡ ಪ್ರೋಗ್ರಾಂಗಳನ್ನು ಕಂಪೈಲ್ ಮಾಡುವಂಥ ಕೆಲಸಗಳಲ್ಲಿ ಶೇಕಡಾ 5ರಷ್ಟು ವೇಗ ಹೆಚ್ಚಿದರೆ, ಒಂದು ಗಂಟೆಯ ಕೆಲಸ ಸುಮಾರು 57 ನಿಮಿಷಕ್ಕೆ ಮುಗಿಯುತ್ತದೆ. ಆಟಗಳಲ್ಲಿ ಗ್ರಾಫಿಕ್ಸ್ ಕಾರ್ಡೇ ತಡೆಯಾಗಿದ್ದರೆ ಅಷ್ಟೂ ಸಿಗುವುದಿಲ್ಲ. ಬ್ರೌಸರ್ ಮತ್ತು ಕಚೇರಿ ಕೆಲಸಗಳಲ್ಲಿ ವ್ಯತ್ಯಾಸ ಗಮನಕ್ಕೇ ಬಾರದು. ಎರಡು ಮೂರು ಕೋರ್‌ಗಳಷ್ಟೇ ದುಡಿಯುವಾಗ ಪ್ರೊಸೆಸರ್ ತಾನಾಗಿಯೇ ಮುಟ್ಟುತ್ತಿದ್ದ ಬೂಸ್ಟ್ ವೇಗಕ್ಕಿಂತ ನೀವು ಎಲ್ಲ ಕೋರ್‌ಗಳಿಗೂ ಕಟ್ಟಿದ ಸ್ಥಿರ ವೇಗ ಕಡಿಮೆಯಿದ್ದರೆ, ಹಗುರ ಕೆಲಸಗಳಲ್ಲಿ ಯಂತ್ರ ಮೊದಲಿಗಿಂತ ನಿಧಾನವೂ ಆಗಬಹುದು. ರೈಜನ್ ಹೊಂದಿರುವ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಹಣ ಉಳಿಸುವ ಉದ್ದೇಶದಿಂದ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದೇ ನನ್ನ ಸಲಹೆ. ದುಬಾರಿ ಕೂಲರ್ ಮತ್ತು ದುಬಾರಿ ಮದರ್‌ಬೋರ್ಡಿಗೆ ಸುರಿಯುವ ಹಣದಲ್ಲಿ ಒಂದು ದರ್ಜೆ ಮೇಲಿನ ಪ್ರೊಸೆಸರನ್ನೇ ಕೊಳ್ಳಬಹುದು. ಯಂತ್ರವನ್ನು ಒಳಗಿನಿಂದ ಅರಿಯಬೇಕೆಂಬ ಆಸಕ್ತಿ ಇದ್ದರೆ ಮಾತ್ರ ಇಷ್ಟು ಶ್ರಮಕ್ಕೆ ಅರ್ಥವಿದೆ.

ನನ್ನ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬಹುದೇ ಎಂದು ತಿಳಿಯುವುದು ಹೇಗೆ?

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಅಕ್ಷರವಿರುವ ಮಾದರಿಗಳ, ಅಂದರೆ ಕೆ, ಕೆಎಫ್, ಕೆಎಸ್‌ಗಳ, ಮಲ್ಟಿಪ್ಲೈಯರ್ ಮುಕ್ತವಾಗಿರುತ್ತದೆ. ಜೊತೆಗೆ ಮದರ್‌ಬೋರ್ಡಿನ ಚಿಪ್‌ಸೆಟ್ ಝಡ್ ಸರಣಿಯದ್ದಾಗಿರಬೇಕು, ಉದಾಹರಣೆಗೆ ಝಡ್690 ಅಥವಾ ಝಡ್790. ಬಿ660, ಬಿ760 ಬೋರ್ಡುಗಳಲ್ಲಿ ಮೆಮೊರಿಯ ವೇಗ ಏರಿಸಬಹುದೇ ಹೊರತು ಕೋರ್‌ಗಳದ್ದಲ್ಲ.

ಎಎಂಡಿಯ ಬಹುತೇಕ ಎಲ್ಲ ಡೆಸ್ಕ್‌ಟಾಪ್ ರೈಜನ್‌ಗಳೂ ಮುಕ್ತವಾಗಿವೆ. ಬಿ550, ಎಕ್ಸ್570, ಬಿ650 ಮೊದಲಾದ ಬಿ ಮತ್ತು ಎಕ್ಸ್ ಸರಣಿಯ ಬೋರ್ಡುಗಳಲ್ಲಿ ಓವರ್‌ಕ್ಲಾಕಿಂಗ್ ಸಾಧ್ಯ, ಎ320 ಮತ್ತು ಎ520ರಲ್ಲಿ ಇಲ್ಲ. ಕೋರ್‌ಗಳ ಮೇಲೆ ಕ್ಯಾಶ್ ಎಂಬ ವೇಗದ ಒಳಮೆಮೊರಿಯ ಹೆಚ್ಚುವರಿ ಪದರವನ್ನು ಹೊತ್ತ 2022ರ ರೈಜನ್ 7 5800ಎಕ್ಸ್3ಡಿ ಒಂದು ಅಪವಾದ. ಆ ಪದರಕ್ಕೆ ಹೆಚ್ಚಿನ ವೋಲ್ಟೇಜ್ ಒಗ್ಗದು ಎಂಬ ಕಾರಣಕ್ಕೆ ಅದರ ಮಲ್ಟಿಪ್ಲೈಯರಿಗೆ ಬೀಗ ಹಾಕಲಾಗಿತ್ತು. 2024ರ ಕೊನೆಯಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶ್ ಪದರವನ್ನು ಕೋರ್‌ಗಳ ಕೆಳಗೆ ಇರಿಸಿದ್ದರಿಂದ ಬೀಗ ತೆಗೆದರು.

ಲ್ಯಾಪ್‌ಟಾಪ್‌ನಲ್ಲಿ ಮಾಡಬಹುದೇ?

ಬೇಡ. ಅಲ್ಲಿ ಶಾಖ ಹೊರಹೋಗಲು ಜಾಗವೇ ಇಲ್ಲ. ಮುಕ್ತ ಪ್ರೊಸೆಸರ್ ಇರುವ ಕೆಲವೇ ಮಾದರಿಗಳಲ್ಲಿಯೂ ಸಿಗುವ ಲಾಭ ಕೆಲವು ಕ್ಷಣಗಳಲ್ಲೇ ಬಿಸಿಯಲ್ಲಿ ಕರಗಿಹೋಗುತ್ತದೆ.

ಪ್ರೊಸೆಸರ್ ಸುಟ್ಟುಹೋಗುತ್ತದೆಯೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಮಲ್ಟಿಪ್ಲೈಯರನ್ನಷ್ಟೇ ಏರಿಸಿ ವೋಲ್ಟೇಜನ್ನು ಮುಟ್ಟದಿದ್ದರೆ ಸುಟ್ಟುಹೋಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚೆಂದರೆ ಯಂತ್ರ ನಿಂತುಹೋಗುತ್ತದೆ ಅಥವಾ ಮರುಪ್ರಾರಂಭವಾಗುತ್ತದೆ. ಅತಿಯಾಗಿ ಬಿಸಿಯಾದರೂ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತದೆ.

ವೋಲ್ಟೇಜಿನ ವಿಷಯದಲ್ಲಿ ಇಂಥ ಕಾವಲು ಅಷ್ಟು ಬಿಗಿಯಾಗಿಲ್ಲ. 1.25 ಎಂದು ಬರೆಯಬೇಕಾದಲ್ಲಿ ಕೈತಪ್ಪಿ 1.52 ಎಂದು ಬರೆದರೆ ಕೆಲವು ಬೋರ್ಡುಗಳು ಸಂಖ್ಯೆಯನ್ನು ಕೆಂಪಾಗಿಸಿ ತೋರಿಸುತ್ತವೆಯೇ ಹೊರತು ತಡೆಯುವುದಿಲ್ಲ. ಹೆಚ್ಚಿನ ವೋಲ್ಟೇಜ್, ಹೆಚ್ಚಿನ ಕರೆಂಟ್ ಮತ್ತು ಹೆಚ್ಚಿನ ತಾಪಮಾನ ಮೂರೂ ಸೇರಿದಾಗ ಚಿಪ್ಪಿನೊಳಗಿನ ಸೂಕ್ಷ್ಮ ತಂತಿಗಳಲ್ಲಿ ಲೋಹದ ಪರಮಾಣುಗಳು ಎಲೆಕ್ಟ್ರಾನ್ ಪ್ರವಾಹದ ತಳ್ಳುವಿಕೆಯಿಂದ ನಿಧಾನವಾಗಿ ಸರಿಯುತ್ತವೆ, ಟ್ರಾನ್ಸಿಸ್ಟರಿನ ನಿರೋಧಕ ಪದರವೂ ಸವೆಯುತ್ತದೆ. ಇದರ ಫಲ ಒಂದೇ ದಿನಕ್ಕೆ ಕಾಣಿಸುವುದಿಲ್ಲ. ನಿನ್ನೆಯವರೆಗೆ ಸಾಕಾಗುತ್ತಿದ್ದ ವೋಲ್ಟೇಜ್ ಇಂದು ಅದೇ ವೇಗಕ್ಕೆ ಸಾಲದಾಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ.

ತಯಾರಕರು ಕೂಡ ಇದರಲ್ಲಿ ಎಡವಿದ್ದಾರೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಓವರ್‌ಕ್ಲಾಕ್ ಮಾಡದೆಯೂ ಅಸ್ಥಿರವಾದಾಗ, ಮೈಕ್ರೋಕೋಡ್ (ಪ್ರೊಸೆಸರಿನೊಳಗೇ ಓಡುವ ನಿಯಂತ್ರಣ ತಂತ್ರಾಂಶ) ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳುತ್ತಿದ್ದುದು ಕಾರಣಗಳಲ್ಲೊಂದು ಎಂದು ಕಂಪನಿ 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ ತಿದ್ದುಪಡಿಗಳನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಲೆಮಾರಿನ ಪ್ರೊಸೆಸರ್ ನಿಮ್ಮಲ್ಲಿದ್ದರೆ ಓವರ್‌ಕ್ಲಾಕ್ ಯೋಚನೆಗೂ ಮೊದಲು ಬಯಾಸನ್ನು, ಅಂದರೆ ಯಂತ್ರವನ್ನು ಚಾಲೂ ಮಾಡುವ ಮದರ್‌ಬೋರ್ಡಿನ ತಂತ್ರಾಂಶವನ್ನು, ನವೀಕರಿಸಿ.

ಇಷ್ಟೆಲ್ಲ ಹೇಳಿದ ಮೇಲೂ, ಹೊಸಬರಿಗೆ ನಿಜವಾದ ಅಪಾಯ ಬೇರೆಡೆ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅರೆಸ್ಥಿರ ಪ್ರೊಸೆಸರ್ ನಿಂತುಹೋಗದೆ ತಪ್ಪು ಲೆಕ್ಕ ಕೊಡುತ್ತಾ ಓಡುತ್ತಲೇ ಇರಬಲ್ಲದು. ಕುಗ್ಗಿಸಿಟ್ಟ ಜಿಪ್ ಕಡತವೊಂದು ತಿಂಗಳ ನಂತರ ತೆರೆಯದಿರುವುದು, ಡಿಸ್ಕ್‌ಗೆ ಬರೆದ ಫೋಟೊದ ಅರ್ಧ ಭಾಗ ಬೂದುಬಣ್ಣಕ್ಕೆ ತಿರುಗಿರುವುದು, ಆಪರೇಟಿಂಗ್ ಸಿಸ್ಟಂನ ನವೀಕರಣ ಅರ್ಧಕ್ಕೆ ಕೆಟ್ಟು ನಿಲ್ಲುವುದು ಇವೆಲ್ಲ ಅದರ ಫಲಗಳು. ಪ್ರೊಸೆಸರ್ ಕೆಟ್ಟರೆ ಹೊಸದನ್ನು ಕೊಳ್ಳಬಹುದು, ಫೋಟೊಗಳನ್ನು ಕೊಳ್ಳಲಾಗದು.

ವಾರಂಟಿ ಹೋಗುತ್ತದೆಯೇ?

ನಿಯಮದ ಪ್ರಕಾರ, ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಇಂಟೆಲ್ ಮತ್ತು ಎಎಂಡಿ ಎರಡರ ವಾರಂಟಿಯೂ ಅನ್ವಯಿಸುವುದಿಲ್ಲ. ಬೂಸ್ಟ್‌ನ ಮಿತಿಗಳನ್ನು ಸಡಿಲಿಸಲು ಎಎಂಡಿಯೇ ಕೊಡುವ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಸೌಲಭ್ಯವನ್ನು ಬಳಸಿದರೂ ಇದೇ ಮಾತು. ಓವರ್‌ಕ್ಲಾಕ್‌ನಿಂದ ಕೆಟ್ಟ ಚಿಪ್ಪಿಗೂ ಬದಲಿ ಕೊಡುವ ಪ್ರತ್ಯೇಕ ಯೋಜನೆಯೊಂದನ್ನು ಇಂಟೆಲ್ ಹಿಂದೆ ನಡೆಸುತ್ತಿತ್ತು, 2021ರಲ್ಲಿ ಅದನ್ನು ನಿಲ್ಲಿಸಿತು.

ಶುರುಮಾಡುವ ಮೊದಲು ಏನೇನು ಸಿದ್ಧತೆ ಬೇಕು?

ಎಲ್ಲಕ್ಕಿಂತ ಮೊದಲು ಮುಖ್ಯ ಕಡತಗಳ ಬ್ಯಾಕಪ್ ಬೇಕು, ಅದು ಇದೇ ಯಂತ್ರಕ್ಕೆ ಸದಾ ಜೋಡಿಸಿಟ್ಟಿರದ ಬೇರೊಂದು ಡಿಸ್ಕ್‌ನಲ್ಲಿರಲಿ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್ ನವೀಕರಿಸಿದ ಅಥವಾ ಅದರ ಸೆಟ್ಟಿಂಗ್‌ಗಳನ್ನು ಅಳಿಸಿದ ಮೇಲೆ ಆ 48 ಅಂಕಿಗಳನ್ನು ಕೇಳುವ ನೀಲಿ ಪರದೆ ಎದುರಾಗುವುದುಂಟು. ಆಗ ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದೆಲ್ಲ ಇದ್ದೂ ಇಲ್ಲದಂತೆ.

ನಂತರ ಯಂತ್ರದ ಮೂಲಸ್ಥಿತಿಯನ್ನು ದಾಖಲಿಸಿ. ಏನನ್ನೂ ಬದಲಿಸದೆ ಒಂದು ಭಾರಿ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ, ತಾಪಮಾನ, ವೋಲ್ಟೇಜ್, ಎಲ್ಲ ಕೋರ್‌ಗಳ ವೇಗ, ಬಳಸಿದ ವ್ಯಾಟ್‌ಗಳು, ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಅಂಕ ಇಷ್ಟನ್ನೂ ಬರೆದಿಡಿ. ಮೂಲಸ್ಥಿತಿಯಲ್ಲಿಯೇ 95 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದರೆ ನಿಮ್ಮ ಮೊದಲ ಕೆಲಸ ಕೂಲರಿನದ್ದು. ಥರ್ಮಲ್ ಪೇಸ್ಟ್ ಒಣಗಿರಬಹುದು, ಕೂಲರಿನ ಒಂದು ಸ್ಕ್ರೂ ಸಡಿಲವಿರಬಹುದು, ತಳದಲ್ಲಿ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆಯೇ ಕೂರಿಸಿರಬಹುದು. ಈ ಕೊನೆಯದನ್ನು ಕೇಳಿ ನಗಬೇಡಿ, ಅದು ನಡೆಯುತ್ತಲೇ ಇರುತ್ತದೆ.

ಯಾವ ತಂತ್ರಾಂಶಗಳು ಬೇಕು?

ಅಳತೆಗೆ ಎಚ್‌ಡಬ್ಲ್ಯುಇನ್ಫೋ ಒಂದೇ ಸಾಕು. ಪರೀಕ್ಷೆಗೆ ಸಿನೆಬೆಂಚ್, ಪ್ರೈಮ್95, ಒಸಿಸಿಟಿ, ವೈ-ಕ್ರಂಚರ್‌ಗಳಲ್ಲಿ ಎರಡನ್ನಾದರೂ ಇಟ್ಟುಕೊಳ್ಳಿ. ಮೆಮೊರಿಗೆ ಮೆಮ್‌ಟೆಸ್ಟ್86 ಇರಲಿ. ಇಂಟೆಲ್‌ನ ಎಕ್ಸ್‌ಟಿಯು ಮತ್ತು ಎಎಂಡಿಯ ರೈಜನ್ ಮಾಸ್ಟರ್ ಮೂಲಕ ಆಪರೇಟಿಂಗ್ ಸಿಸ್ಟಂನ ಒಳಗಿನಿಂದಲೇ ಪ್ರಯೋಗ ಮಾಡಬಹುದಾದರೂ, ಅಂತಿಮವಾಗಿ ನಿಲ್ಲಿಸುವ ಸೆಟ್ಟಿಂಗ್‌ಗಳನ್ನು ಬಯಾಸ್‌ನಲ್ಲಿಯೇ ಬರೆಯುವುದು ಒಳ್ಳೆಯದು.

ಮೊದಲ ಪ್ರಯತ್ನವನ್ನು ಹೇಗೆ ಮಾಡಬೇಕು?

ಬಯಾಸ್‌ಗೆ ಹೋಗಿ ಈಗಿರುವ ಸೆಟ್ಟಿಂಗ್‌ಗಳನ್ನು ಒಂದು ಪ್ರೊಫೈಲ್ ಆಗಿ ಉಳಿಸಿ. ಮೆಮೊರಿಯ ವೇಗ ಏರಿಸುವ ಸಿದ್ಧ ಪ್ರೊಫೈಲ್‌ಗಳಾದ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಚಾಲೂ ಇದ್ದರೆ ಸದ್ಯಕ್ಕೆ ಆರಿಸಿ. ಮೆಮೊರಿಯ ತಪ್ಪು ಯಾವುದು, ಕೋರ್‌ನ ತಪ್ಪು ಯಾವುದು ಎಂದು ಬೇರ್ಪಡಿಸಲಾಗದೆ ದಿನಗಟ್ಟಲೆ ಒದ್ದಾಡುವುದು ಇದರಿಂದ ತಪ್ಪುತ್ತದೆ.

ಈಗ ಮಲ್ಟಿಪ್ಲೈಯರ್. ಎಲ್ಲ ಕೋರ್‌ಗಳು ದುಡಿಯುವಾಗ ನಿಮ್ಮ ಪ್ರೊಸೆಸರ್ 5.0 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ ಎಂದುಕೊಳ್ಳಿ. ಪೆಟ್ಟಿಗೆಯ ಮೇಲೆ ಬರೆದಿರುವ ಗರಿಷ್ಠ ವೇಗ ಒಂದೆರಡು ಕೋರ್‌ಗಳಿಗೆ ಸಂಬಂಧಿಸಿದ್ದು, ಅದನ್ನು ಎಲ್ಲ ಕೋರ್‌ಗಳ ವೇಗವೆಂದು ತಿಳಿಯಬೇಡಿ. ವೋಲ್ಟೇಜನ್ನು ಮುಟ್ಟದೆ ಮಲ್ಟಿಪ್ಲೈಯರನ್ನು 51ಕ್ಕೆ ಏರಿಸಿ, ಉಳಿಸಿ, ಹೊರಬನ್ನಿ. ಸಿನೆಬೆಂಚನ್ನು ಹತ್ತು ನಿಮಿಷ ಓಡಿಸಿ. ನಿಂತರೆ, ಅಂದರೆ ತಪ್ಪಿಲ್ಲದೆ ಮುಗಿದರೆ, 52ಕ್ಕೆ ಹೋಗಿ. ಕುಸಿದರೆ ಎರಡು ದಾರಿಗಳಿವೆ: ಒಂದು ಹೆಜ್ಜೆ ಹಿಂದಕ್ಕೆ ಬಂದು ಅಲ್ಲಿಯೇ ನಿಲ್ಲುವುದು, ಇಲ್ಲವೇ ವೋಲ್ಟೇಜನ್ನು 0.01 ಅಥವಾ 0.02 ವೋಲ್ಟ್‌ನಷ್ಟು ಏರಿಸಿ ಮತ್ತೆ ಪರೀಕ್ಷಿಸುವುದು. ಹೊಸ ಇಂಟೆಲ್ ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್ ಮತ್ತು ಸಣ್ಣ ಕೋರ್‌ಗಳಿಗೆ ಪ್ರತ್ಯೇಕ ಮಲ್ಟಿಪ್ಲೈಯರ್‌ಗಳಿರುತ್ತವೆ. ಮೊದಲು ದೊಡ್ಡವನ್ನು ನೋಡಿ, ಸಣ್ಣವನ್ನು ಹಾಗೆಯೇ ಬಿಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. "52, 1.26 ವೋಲ್ಟ್, 84 ಡಿಗ್ರಿ, ಎಂಟನೇ ನಿಮಿಷಕ್ಕೆ ಕುಸಿತ" ಎಂಬಂಥ ಒಂದು ಸಾಲು ಮರುದಿನ ನಿಮ್ಮ ನೆನಪಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಷ್ಟು ವೋಲ್ಟೇಜ್ ಸುರಕ್ಷಿತ?

ಎಲ್ಲ ಪ್ರೊಸೆಸರ್‌ಗಳಿಗೂ ಅನ್ವಯಿಸುವ ಒಂದು ಸಂಖ್ಯೆ ಇಲ್ಲ. ತಯಾರಿಕಾ ತಂತ್ರಜ್ಞಾನ ಬದಲಾದಂತೆ ಮಿತಿಯೂ ಬದಲಾಗುತ್ತದೆ. ಹಳೆಯ ತಲೆಮಾರಿಗೆ ಯಾರೋ ಹೇಳಿದ 1.4 ವೋಲ್ಟನ್ನು ಹೊಸ ಚಿಪ್ಪಿಗೆ ಹಾಕುವುದು ಕೈಸುಟ್ಟುಕೊಳ್ಳುವ ದಾರಿ. ಇತ್ತೀಚಿನ ಪ್ರೊಸೆಸರ್‌ಗಳಲ್ಲಿ ಎಲ್ಲ ಕೋರ್‌ಗಳೂ ಪೂರ್ಣ ಹೊರೆ ಹೊತ್ತಿರುವಾಗ ಅಳೆದ ವೋಲ್ಟೇಜ್ 1.3ರ ಸಮೀಪ ಬಂದರೆ ಹೊಸಬರು ಅಲ್ಲಿಗೆ ನಿಲ್ಲಿಸಲಿ ಎಂದು ನಾನು ಹೇಳುತ್ತೇನೆ.

ಆದರೆ ರೈಜನ್ ತಾನಾಗಿಯೇ 1.4 ವೋಲ್ಟ್ ದಾಟುತ್ತದಲ್ಲ ಎಂದು ಹಲವರು ಕೇಳುತ್ತಾರೆ. ನಿಜ. ಒಂದೆರಡು ಕೋರ್‌ಗಳಷ್ಟೇ ಕೆಲಸ ಮಾಡುವಾಗ, ಕರೆಂಟ್ ಕಡಿಮೆ ಇರುವಾಗ, ಕ್ಷಣಕಾಲ ಅದು ಹಾಗೆ ಮಾಡುತ್ತದೆ. ಹೊರೆ ಹೆಚ್ಚಿದ ಕೂಡಲೇ ಇಳಿಸಿಕೊಳ್ಳುತ್ತದೆ. ನೀವು ಅದೇ ಸಂಖ್ಯೆಯನ್ನು ಸ್ಥಿರ ವೋಲ್ಟೇಜ್ ಆಗಿ ಬರೆದರೆ ಈ ಇಳಿಸುವ ವಿವೇಕವನ್ನೇ ಕಿತ್ತುಹಾಕಿದಂತೆ: ಎಲ್ಲ ಕೋರ್‌ಗಳು, ಪೂರ್ಣ ಕರೆಂಟ್, ಪೂರ್ಣ ವೋಲ್ಟೇಜ್, ಅದೂ ಗಂಟೆಗಟ್ಟಲೆ.

ಶಾಖದ ಲೆಕ್ಕವನ್ನೂ ಇಲ್ಲಿಯೇ ನೋಡಿಬಿಡೋಣ. ಪ್ರೊಸೆಸರ್ ಬಳಸುವ ವಿದ್ಯುತ್ತು ವೇಗಕ್ಕೆ ನೇರ ಪ್ರಮಾಣದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇಕಡಾ 5, ವೋಲ್ಟೇಜನ್ನು ಶೇಕಡಾ 10 ಏರಿಸಿದರೆ ವಿದ್ಯುತ್ ಬಳಕೆ ಸುಮಾರು ಶೇಕಡಾ 27 ಹೆಚ್ಚುತ್ತದೆ. 150 ವ್ಯಾಟ್ ಇದ್ದದ್ದು 190 ವ್ಯಾಟ್ ಆಗುತ್ತದೆ, ಬಿಸಿಯಿಂದ ಹೆಚ್ಚುವ ಸೋರಿಕೆ ಕರೆಂಟನ್ನು ಇದರಲ್ಲಿ ಸೇರಿಸಿಲ್ಲ. ಕೊನೆಯ 100 ಮೆಗಾಹರ್ಟ್ಸ್ ಯಾವಾಗಲೂ ಅತಿ ದುಬಾರಿ ಎನ್ನುವುದು ಇದಕ್ಕೇ.

ಲೋಡ್ ಲೈನ್ ಕ್ಯಾಲಿಬ್ರೇಷನ್ ಎಂದರೇನು? ಅದನ್ನು ಗರಿಷ್ಠಕ್ಕೆ ಇಡಬೇಕೆ?

ಹೊರೆ ಬಿದ್ದಾಗ ಪ್ರೊಸೆಸರಿಗೆ ತಲುಪುವ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಇದು ದೋಷವಲ್ಲ, ಉದ್ದೇಶಪೂರ್ವಕ ವ್ಯವಸ್ಥೆ. ಭಾರಿ ಹೊರೆ ಥಟ್ಟನೆ ಇಳಿದಾಗ ವೋಲ್ಟೇಜ್ ಒಂದು ಕ್ಷಣ ಮೇಲಕ್ಕೆ ಚಿಮ್ಮುತ್ತದೆ, ಆ ಚಿಮ್ಮು ಮಿತಿ ಮೀರದಂತೆ ಈ ಕುಸಿತ ಜಾಗ ಬಿಟ್ಟುಕೊಡುತ್ತದೆ. ಲೋಡ್ ಲೈನ್ ಸೆಟ್ಟಿಂಗ್ ಕುಸಿತವನ್ನು ಕಡಿಮೆ ಮಾಡುತ್ತದೆ. ಗರಿಷ್ಠಕ್ಕೆ ಇಟ್ಟರೆ ಕುಸಿತವೇ ಇಲ್ಲದ ನೇರ ಗೆರೆ ಕಾಣಿಸುತ್ತದೆ, ಆದರೆ ಚಿಮ್ಮುಗಳು ನಿಮ್ಮ ತಂತ್ರಾಂಶ ಹಿಡಿಯಲಾರದಷ್ಟು ವೇಗವಾಗಿ ಬಂದುಹೋಗುತ್ತವೆ. ಮಧ್ಯದ ಹಂತಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಹಂತಗಳ ಅಂಕಿ ಒಂದು ಬೋರ್ಡಿನಲ್ಲಿ ಏರಿದಂತೆ ಬಲ ಹೆಚ್ಚಿದರೆ ಇನ್ನೊಂದರಲ್ಲಿ ಇಳಿದಂತೆ ಹೆಚ್ಚುತ್ತದೆ, ಹಾಗಾಗಿ ಕೈಪಿಡಿಯನ್ನು ನೋಡದೆ ಮುಟ್ಟಬೇಡಿ.

ತಾಪಮಾನ ಎಷ್ಟರೊಳಗೆ ಇರಬೇಕು?

ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್, ರೈಜನ್ 7000 ಸರಣಿಯ ಹೆಚ್ಚಿನವುಗಳದ್ದು 95. ಮಿತಿ ಮುಟ್ಟಿದ ಕೂಡಲೇ ವೇಗ ತಾನಾಗಿ ಇಳಿಯುವುದರಿಂದ, ಅಲ್ಲಿಯವರೆಗೆ ಏರಿಸಿದ ಓವರ್‌ಕ್ಲಾಕ್ ವ್ಯರ್ಥ. ಕೈಯಾರೆ ಓವರ್‌ಕ್ಲಾಕ್ ಮಾಡುವವರು ಅತಿ ಭಾರಿ ಪರೀಕ್ಷೆಯಲ್ಲಿ 90ರ ಒಳಗೆ, ದಿನನಿತ್ಯದ ಕೆಲಸದಲ್ಲಿ 80ರ ಒಳಗೆ ಇರಿಸಿಕೊಂಡರೆ ಬೇಸಿಗೆಗೂ ಒಂದಿಷ್ಟು ಜಾಗ ಉಳಿಯುತ್ತದೆ. ಕೋಣೆಯ ತಾಪಮಾನ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನದ್ದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಯ ರಾತ್ರಿ ಪಾಸಾದ ಸೆಟ್ಟಿಂಗ್ ಬೇಸಿಗೆಯ ಮಧ್ಯಾಹ್ನ ಕುಸಿಯುವುದರಲ್ಲಿ ಅಚ್ಚರಿಯಿಲ್ಲ.

ಪ್ರೊಸೆಸರನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಅದಕ್ಕೆ ವೋಲ್ಟೇಜ್ ಒದಗಿಸುವ ವಿಆರ್‌ಎಂ ಭಾಗ ಸಾಕೆಟ್ಟಿನ ಪಕ್ಕದಲ್ಲಿ ಲೋಹದ ಹೊದಿಕೆಯಡಿ ಕೂತಿರುತ್ತದೆ. ದ್ರವ ಕೂಲರ್ ಹಾಕಿದಾಗ ಸಾಕೆಟ್ಟಿನ ಸುತ್ತ ಗಾಳಿ ಆಡುವುದೇ ನಿಂತುಹೋಗುವುದರಿಂದ, ಪ್ರೊಸೆಸರ್ ತಂಪಾಗಿದ್ದೂ ವಿಆರ್‌ಎಂ ಕಾದು ವೇಗ ಕುಸಿಯುವುದುಂಟು.

ಸ್ಥಿರವಾಗಿದೆ ಎಂದು ಯಾವಾಗ ಹೇಳಬಹುದು?

ವಿಂಡೋಸ್ ತೆರೆದುಕೊಂಡಿತು ಎಂಬುದು ಸ್ಥಿರತೆಯ ಗುರುತಲ್ಲ, ಬೆಂಚ್‌ಮಾರ್ಕ್ ಒಂದು ಸಲ ಮುಗಿಯಿತು ಎಂಬುದೂ ಅಲ್ಲ. ಬೇರೆ ಬೇರೆ ಬಗೆಯ ಹೊರೆಗಳು ಪ್ರೊಸೆಸರಿನ ಬೇರೆ ಬೇರೆ ಭಾಗಗಳನ್ನು ದುಡಿಸುತ್ತವೆ. ಆದ್ದರಿಂದ ಒಂದೇ ಪರೀಕ್ಷೆಯನ್ನು ಇಡೀ ದಿನ ಓಡಿಸುವುದಕ್ಕಿಂತ ನಾಲ್ಕು ಪರೀಕ್ಷೆಗಳನ್ನು ಕೆಲವು ಗಂಟೆಗಳಂತೆ ಓಡಿಸುವುದು ಮೇಲು. ಪ್ರೈಮ್95ರ ಸಣ್ಣ ಎಫ್ಎಫ್‌ಟಿ ಪರೀಕ್ಷೆ ಎವಿಎಕ್ಸ್ ಎಂಬ ಭಾರಿ ಲೆಕ್ಕದ ಆದೇಶಗಳನ್ನು ಬಳಸಿ ಬಹುತೇಕ ಯಾವುದೇ ನಿಜವಾದ ಕೆಲಸಕ್ಕಿಂತ ಹೆಚ್ಚು ಶಾಖ ಹುಟ್ಟಿಸುತ್ತದೆ. ಮೊದಲ ನಿಮಿಷ ಪರದೆಯ ಮುಂದೆಯೇ ಕೂತು ತಾಪಮಾನ ನೋಡುತ್ತಿರಿ, ನಿಲ್ಲಿಸುವ ಗುಂಡಿ ಕೈಯಳತೆಯಲ್ಲಿರಲಿ.

ಈ ಪರೀಕ್ಷೆಯ ಕಿಟಕಿಯಲ್ಲಿ ಒಂದು ವರ್ಕರ್, ಅಂದರೆ ಒಂದು ಕೋರ್‌ನ ಪಾಲಿನ ಲೆಕ್ಕ, ಮಾತ್ರ ನಿಂತುಹೋಗಿ, ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು ಎಂಬ ಸಂದೇಶ ಕಂಡರೆ, ಉಳಿದ ಕೋರ್‌ಗಳು ಆರಾಮವಾಗಿ ಓಡುತ್ತಿದ್ದರೂ ಆ ಓವರ್‌ಕ್ಲಾಕ್ ಅಸ್ಥಿರವೇ. ಮುಂದೆ ನಿಮ್ಮ ಕಡತಗಳನ್ನು ಕೆಡಿಸುವುದು ಅದೇ ಕೋರ್.

ಇನ್ನೊಂದು ಕಡೆಯನ್ನೂ ನೋಡಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ದಾಖಲೆಗಳ ಅಡಿ ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ ಎಚ್ಚರಿಕೆಗಳಿವೆಯೇ ಹುಡುಕಿ. 19ನೇ ಸಂಖ್ಯೆಯ ನಮೂದು ಎಂದರೆ ಹಾರ್ಡ್‌ವೇರ್ ತಪ್ಪೊಂದು ನಡೆದು ಅಲ್ಲಿಯೇ ಸರಿಪಡಿಸಲ್ಪಟ್ಟಿದೆ, 18 ಎಂದರೆ ಸರಿಪಡಿಸಲಾಗದೆ ಯಂತ್ರ ಬಿದ್ದಿದೆ. ಪರೀಕ್ಷೆ ಪಾಸಾಗಿದ್ದರೂ 19ನೇ ನಮೂದುಗಳು ಸಾಲುಗಟ್ಟಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ಪರೀಕ್ಷೆಯಲ್ಲೆಲ್ಲ ಪಾಸಾಗುತ್ತದೆ, ಸುಮ್ಮನೆ ಬಿಟ್ಟಾಗ ಕುಸಿಯುತ್ತದೆ. ಏಕೆ?

ಪೂರ್ಣ ಹೊರೆಯಲ್ಲಿ ವೋಲ್ಟೇಜ್ ಸಾಕಷ್ಟಿದ್ದು, ಹೊರೆಯಿಲ್ಲದಾಗ ಅಥವಾ ಒಂದೇ ಕೋರ್ ಗರಿಷ್ಠ ಬೂಸ್ಟ್‌ಗೆ ಜಿಗಿದಾಗ ಸಾಲದೆ ಹೋಗುತ್ತಿದೆ ಎಂದರ್ಥ. ವೋಲ್ಟೇಜನ್ನು ಆಫ್‌ಸೆಟ್ ಮೂಲಕ, ಅಂದರೆ ಪ್ರೊಸೆಸರ್ ಕೇಳುವುದಕ್ಕಿಂತ ಇಂತಿಷ್ಟು ಕಡಿಮೆ ಕೊಡುವಂತೆ, ಇಳಿಸಿದವರಲ್ಲಿ ಇದು ಸಾಮಾನ್ಯ. ಆಫ್‌ಸೆಟ್ಟನ್ನು ಸ್ವಲ್ಪ ಸಡಿಲಿಸಿ. ಒಂದೊಂದೇ ಕೋರನ್ನು ಸರದಿಯಂತೆ ಪರೀಕ್ಷಿಸುವ ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ತಪ್ಪಿತಸ್ಥ ಕೋರನ್ನು ತೋರಿಸಿಕೊಡುತ್ತದೆ.

ರೈಜನ್ ಇದ್ದರೆ ಯಾವ ದಾರಿ ಒಳ್ಳೆಯದು?

ಎಲ್ಲ ಕೋರ್‌ಗಳಿಗೆ ಒಂದೇ ವೇಗ ಕಟ್ಟುವ ಹಳೆಯ ವಿಧಾನವನ್ನು ಬಿಟ್ಟು, ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಮತ್ತು ಅದರೊಳಗಿನ ಕರ್ವ್ ಆಪ್ಟಿಮೈಸರನ್ನು ಬಳಸಿ. ರೈಜನ್ 5000 ಸರಣಿಯಿಂದ ಈಚೆಗೆ ಈ ಸೌಲಭ್ಯ ಸಿಗುತ್ತದೆ. ಇಲ್ಲಿ ನೀವು ವೇಗವನ್ನು ಬರೆಯುವುದಿಲ್ಲ, ಪ್ರತಿ ವೇಗಕ್ಕೂ ಪ್ರೊಸೆಸರ್ ಕೇಳಿಕೊಳ್ಳುವ ವೋಲ್ಟೇಜನ್ನು ತುಸು ಇಳಿಸುತ್ತೀರಿ. ಒಂದು ಅಂಕಕ್ಕೆ ಸುಮಾರು 3ರಿಂದ 5 ಮಿಲಿವೋಲ್ಟ್. ವೋಲ್ಟೇಜ್ ಕಡಿಮೆಯಾದರೆ ಶಾಖ ಕಡಿಮೆ, ಶಾಖ ಕಡಿಮೆಯಾದರೆ ಪ್ರೊಸೆಸರ್ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಎಲ್ಲ ಕೋರ್‌ಗಳಿಗೂ ಮೈನಸ್ 10ರಿಂದ ಆರಂಭಿಸಿ. ಪ್ರೊಸೆಸರ್ ಅತ್ಯುತ್ತಮವೆಂದು ಗುರುತಿಸಿದ ಕೋರ್‌ಗಳು ಆಗಲೇ ಕಡಿಮೆ ವೋಲ್ಟೇಜಿನಲ್ಲಿ ಓಡುತ್ತಿರುವುದರಿಂದ ಅವು ಹೆಚ್ಚು ಇಳಿಕೆಯನ್ನು ತಾಳುವುದಿಲ್ಲ ಎಂಬುದನ್ನು ನೆನಪಿಡಿ.

ಇಂಟೆಲ್ ಬಳಸುವವರಿಗೂ ಹೊಸ ತಲೆಮಾರಿನಲ್ಲಿ ನನ್ನ ಸಲಹೆ ಇದೇ ದಿಕ್ಕಿನದು. ಮೊದಲು ವೋಲ್ಟೇಜ್ ಇಳಿಸಿ ನೋಡಿ, ಆಮೇಲೆ ವೇಗ ಏರಿಸಿ.

ಎಕ್ಸ್‌ಎಂಪಿ, ಎಕ್ಸ್‌ಪೋ ಕೂಡ ಓವರ್‌ಕ್ಲಾಕೇ?

ಹೌದು. ಮೆಮೊರಿ ಪಟ್ಟಿಯ ಪೆಟ್ಟಿಗೆಯ ಮೇಲೆ 6000 ಎಂದು ಅಚ್ಚಾಗಿದ್ದರೂ ಆ ವೇಗ ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕದ ಅಧಿಕೃತ ಮಿತಿಗಿಂತ ಹೆಚ್ಚಿರುವುದು ಸಾಮಾನ್ಯ. ಪ್ರೊಫೈಲ್ ಚಾಲೂ ಮಾಡಿದಾಗ ಕೆಲವು ಬೋರ್ಡುಗಳು ನಿಯಂತ್ರಕದ ವೋಲ್ಟೇಜನ್ನೂ ಹೇಳದೆ ಕೇಳದೆ ಏರಿಸುತ್ತವೆ. 2023ರಲ್ಲಿ ಕೆಲವು ರೈಜನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲಿಯೇ ಸುಟ್ಟುಹೋದಾಗ, ಎಸ್‌ಒಸಿ ವೋಲ್ಟೇಜ್ (ಮೆಮೊರಿ ನಿಯಂತ್ರಕವಿರುವ ಭಾಗದ್ದು) 1.3 ದಾಟದಂತೆ ಎಎಂಡಿ ಹೊಸ ಬಯಾಸ್ ಮೂಲಕ ಮಿತಿ ಹಾಕಿತು. ಆ ಕಾಲದ ಹಳೆಯ ಬಯಾಸ್ ಇನ್ನೂ ನಿಮ್ಮ ಬೋರ್ಡಿನಲ್ಲಿದ್ದರೆ ಪ್ರೊಫೈಲ್ ಚಾಲೂ ಮಾಡುವ ಮೊದಲು ಅದನ್ನು ಬದಲಿಸಿ.

ಸೆಟ್ಟಿಂಗ್ ಬದಲಿಸಿದ ಮೇಲೆ ಪರದೆ ಕಪ್ಪಾಗಿಯೇ ಇದೆ. ಏನು ಮಾಡಲಿ?

ಮೊದಲು ಕಾಯಿರಿ. ಡಿಡಿಆರ್5 ಮೆಮೊರಿಯ ಬೋರ್ಡುಗಳು ಸೆಟ್ಟಿಂಗ್ ಬದಲಾದಾಗ ಮೆಮೊರಿಯನ್ನು ಮತ್ತೆ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಗಾಬರಿಯಿಂದ ನಡುವೆ ವಿದ್ಯುತ್ ಕಡಿದರೆ ಅದು ಮೊದಲಿನಿಂದ ಶುರುಮಾಡುತ್ತದೆ. ಕಾಲು ಗಂಟೆಯಾದರೂ ಏನೂ ಆಗದಿದ್ದರೆ ಸಿಎಂಓಎಸ್, ಅಂದರೆ ಬಯಾಸ್‌ನ ಸೆಟ್ಟಿಂಗ್‌ಗಳು ಉಳಿದಿರುವ ಪುಟ್ಟ ಮೆಮೊರಿಯನ್ನು, ಅಳಿಸಬೇಕು. ಪವರ್ ಸಪ್ಲೈ ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ. ಬೋರ್ಡಿನ ಹಿಂಬದಿಯಲ್ಲಿ ಇದಕ್ಕೆಂದೇ ಗುಂಡಿ ಇದ್ದರೆ ಅದನ್ನು ಒತ್ತಿ. ಇಲ್ಲವಾದರೆ ಕೈಪಿಡಿ ತೋರಿಸುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಹತ್ತು ಸೆಕೆಂಡ್ ಜೋಡಿಸಿ ಹಿಡಿಯಿರಿ, ಅಥವಾ ಸಿಆರ್2032 ಗುಂಡಿ ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದು ಮತ್ತೆ ಕೂರಿಸಿ. ಬಯಾಸ್ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ.

ಮದರ್‌ಬೋರ್ಡಿನಲ್ಲೇ ಒಂದು ಗುಂಡಿಯ ಆಟೊ ಓವರ್‌ಕ್ಲಾಕ್ ಇದೆ. ಅದು ಸಾಲದೇ?

ಅದು ನಿಮ್ಮ ಚಿಪ್ಪಿನ ಗುಣವನ್ನು ಪೂರ್ತಿಯಾಗಿ ಅರಿಯದೆ, ಎಂಥ ಚಿಪ್ಪಿದ್ದರೂ ನಡೆಯಲಿ ಎಂದು ಬೇಕಾದ್ದಕ್ಕಿಂತ ಧಾರಾಳವಾಗಿ ವೋಲ್ಟೇಜ್ ಸುರಿಯುವುದು ಸಾಮಾನ್ಯ. ಬಳಸಲೇಬೇಕಿದ್ದರೆ, ಬಳಸಿದ ಮೇಲೆ ಪೂರ್ಣ ಹೊರೆಯಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ಅಳೆದು ನೋಡಿ.

ಇತರರು ಇದೇ ಪ್ರೊಸೆಸರನ್ನು ನನಗಿಂತ ಬಹಳ ವೇಗವಾಗಿ ಓಡಿಸುತ್ತಿದ್ದಾರೆ. ನನ್ನದೇಕೆ ಆಗುತ್ತಿಲ್ಲ?

ಚಿಪ್ ಬೇರೆ, ಕೂಲರ್ ಬೇರೆ, ಬೋರ್ಡ್ ಬೇರೆ, ಅವರು "ಸ್ಥಿರ" ಎಂದು ಕರೆಯುವುದೂ ಬೇರೆ. 2022ರ ಕೊನೆಯಲ್ಲಿ 9 ಗಿಗಾಹರ್ಟ್ಸ್ ದಾಟಿದ ದಾಖಲೆಗೆ ದ್ರವ ಹೀಲಿಯಂ ಸುರಿಯಬೇಕಾಗಿತ್ತು. ಅಂಥ ದಾಖಲೆಗಳಿಗೆ ಆ ವೇಗ ಪರದೆಯ ಮೇಲೆ ದಾಖಲಾಗುವಷ್ಟು ಹೊತ್ತು ಯಂತ್ರ ನಿಂತರೆ ಸಾಕು. ಪರದೆಯ ಚಿತ್ರವೊಂದರಲ್ಲಿ ಕಂಡ ಸಂಖ್ಯೆಯನ್ನು ನಿಮ್ಮ ಗುರಿ ಮಾಡಿಕೊಳ್ಳಬೇಡಿ.

ಬಯಾಸ್ ನವೀಕರಿಸಿದ ಮೇಲೆ ಹಳೆಯ ಓವರ್‌ಕ್ಲಾಕ್ ಪ್ರೊಫೈಲನ್ನು ಹಾಗೆಯೇ ಬಳಸಬಹುದೇ?

ಹಲವು ಬೋರ್ಡುಗಳಲ್ಲಿ ನವೀಕರಣದೊಂದಿಗೆ ಉಳಿಸಿಟ್ಟ ಪ್ರೊಫೈಲ್‌ಗಳು ಅಳಿಸಿಹೋಗುತ್ತವೆ. ಉಳಿದಿದ್ದರೂ ಅವನ್ನು ಹಾಗೆಯೇ ಹೇರಬೇಡಿ. ಹೊಸ ಬಯಾಸ್‌ನಲ್ಲಿ ಲೋಡ್ ಲೈನ್ ಹಂತಗಳು, ಆಟೊ ವೋಲ್ಟೇಜ್‌ಗಳು, ವಿದ್ಯುತ್ ಮಿತಿಗಳು ಬದಲಾಗಿರಬಹುದು. ನಿಮ್ಮ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಂಖ್ಯೆಯನ್ನು ಕೈಯಾರೆ ಬರೆದು, ಪೂರ್ಣ ಹೊರೆಯಲ್ಲಿ ವೋಲ್ಟೇಜ್ ಮೊದಲಿನಷ್ಟೇ ಇದೆಯೇ ನೋಡಿ, ಪರೀಕ್ಷೆಗಳನ್ನು ಮತ್ತೊಮ್ಮೆ ಓಡಿಸಿ. ಹಿಂದೆ ನಿಂತಿದ್ದ ವೇಗ ಈಗ ನಿಲ್ಲದಿದ್ದರೆ, ವೋಲ್ಟೇಜ್ ಏರಿಸುವ ಮೊದಲು ಕೂಲರಿನ ಧೂಳು ತೆಗೆದು, ಮಲ್ಟಿಪ್ಲೈಯರನ್ನು ಒಂದು ಇಳಿಸಿ ನೋಡಿ.